ಅಕಥೀಸಿಯಾಗೆ ‘ಚಡಪಡಿಕೆ’ ಎಂದರೆ ಸಾಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆಂಟಿಸೈಕಾಟಿಕ್ ಮಾತ್ರೆ (ಸೈಕೋಸಿಸ್, ಅಂದರೆ ಇಲ್ಲದ ದನಿ ಕೇಳುವ, ಇಲ್ಲದ್ದನ್ನು ನಂಬುವ ಕಾಯಿಲೆಗೆ ಕೊಡುವಂಥದ್ದು) ತೆಗೆದುಕೊಳ್ಳುವವರ ಮನೆಯವರಿಗಾಗಿ ಕನ್ನಡದಲ್ಲಿ ಎರಡು ಪುಟದ ಮಾಹಿತಿ ಹಾಳೆಯೊಂದು ಸಿದ್ಧವಾಗುತ್ತಿದೆ. ಈ ಮಾತ್ರೆಗಳಿಂದ ಬರಬಹುದಾದ ಮೂರು ತೊಂದರೆಗಳಿಗೆ ಕರಡಿನಲ್ಲಿ ಕನ್ನಡ ಹೆಸರು ಕೊಟ್ಟಿದೆ: ಅಕಥೀಸಿಯಾಗೆ ‘ಚಡಪಡಿಕೆ’, ಡಿಸ್ಟೋನಿಯಾಗೆ ‘ಸ್ನಾಯು ಸೆಳೆತ’, ಟಾರ್ಡಿವ್ ಡಿಸ್ಕೈನೇಸಿಯಾಗೆ ‘ವಿಳಂಬಿತ ಅಪಚಲನೆ’ ಎಂದಿದೆ. ಮೂರಕ್ಕೂ ಸೇರಿ ‘ನರಸಂಬಂಧಿ ಅಡ್ಡಪರಿಣಾಮಗಳು’ ಅಂತ ಒಂದೇ ತಲೆಬರಹ. ಔಷಧಿಯ ಹೆಸರನ್ನೇ ‘ಮನೋವಿಕಾರ ನಿರೋಧಕ’ ಎಂದು ಮಾಡಬೇಕೆನ್ನುವವರೂ ಇದ್ದಾರೆ. ಏನು ಇಟ್ಟುಕೊಳ್ಳುವುದು, ಏನು ಬಿಡುವುದು?

ಉತ್ತರ 1

‘ಚಡಪಡಿಕೆ’ ಒಳ್ಳೆಯ ಪದವೇ. ಆದರೆ ಅದೊಂದನ್ನೇ ಬರೆದು ಬಿಟ್ಟರೆ ಓದುವವರು ಮನಸ್ಸಿನ ಕಡೆ ನೋಡುತ್ತಾರೆ, ಕಾಲಿನ ಕಡೆ ನೋಡುವುದಿಲ್ಲ. ಅಕಥೀಸಿಯಾ ಮೊದಲು ಕಾಣುವುದು ಕಾಲಲ್ಲಿ. ನಿಂತಲ್ಲೇ ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಹಾಕುತ್ತಿರುತ್ತಾರೆ. ಊಟಕ್ಕೆ ಕೂತವರು ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಎದ್ದು ಅಂಗಳ ಸುತ್ತಿ ಬರುತ್ತಾರೆ. ಮಲಗಿದರೂ ಪಾದ ಸುಮ್ಮನಿರುವುದಿಲ್ಲ. ಗ್ರೀಕಿನಲ್ಲಿ ಆ ಪದದ ಅರ್ಥವೂ ‘ಕೂರಲಾಗದಿರುವುದು’ ಎಂದೇ. 1901ರಲ್ಲಿ ಜೆಕ್ ವೈದ್ಯ ಹಾಶ್ಕೊವೆಟ್ಸ್ ಅದನ್ನು ಬಳಸಿದಾಗ ಈ ಮಾತ್ರೆಗಳು ಹುಟ್ಟೇ ಇರಲಿಲ್ಲ. ಇವುಗಳಲ್ಲಿ ಮೊದಲನೆಯದಾದ ಕ್ಲೋರ್‌ಪ್ರೊಮಜಿನ್ ಮನೋರೋಗದ ಚಿಕಿತ್ಸೆಗೆ ಬಂದದ್ದು 1952ರಲ್ಲಿ, ಪ್ಯಾರಿಸ್‌ನಲ್ಲಿ.

ಪದ ತಪ್ಪಿದರೆ ಇಲ್ಲಿ ಚಿಕಿತ್ಸೆಯೇ ತಪ್ಪುತ್ತದೆ. ಮನೆಯವರು ಡಾಕ್ಟರ ಹತ್ತಿರ ‘ಚಡಪಡಿಕೆ ಜಾಸ್ತಿ ಆಗಿದೆ’ ಅನ್ನುತ್ತಾರೆ. ಅದು ಕಾಯಿಲೆ ಕೆದರಿದ ಹಾಗೆ ಕೇಳಿಸುತ್ತದೆ. 5 ಮಿಲಿಗ್ರಾಂ ಇದ್ದ ಹ್ಯಾಲೊಪೆರಿಡಾಲ್ (ಇಂಥದ್ದೇ ಒಂದು ಮಾತ್ರೆ) 10 ಆಗುತ್ತದೆ, ಕಾಲಿನ ಒದ್ದಾಟ ಇನ್ನಷ್ಟು ಏರುತ್ತದೆ. ಕೆಲವರು ತಡೆಯಲಾರದೆ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಸಾಯುವ ಯೋಚನೆ ಬರುವುದೂ ಉಂಟು, ಅದನ್ನು ಹಾಳೆಯಲ್ಲಿ ಮುಚ್ಚಿಡಬೇಡಿ. ಮಾತ್ರೆ ಶುರುವಾಗಿ ಅಥವಾ ಡೋಸ್ ಏರಿಸಿ ಕೆಲವು ದಿನ, ಕೆಲವು ವಾರಗಳಲ್ಲಿ ಇದು ಬರುತ್ತದೆ. ಹಾಗಾಗಿ ಡೋಸ್ ಬದಲಾದ ತಾರೀಕು ಬರೆದಿಟ್ಟುಕೊಂಡು ಹೋಗಿ ಅಂತ ಹೇಳಿ. ಡಾಕ್ಟರಿಗೆ ಅದಕ್ಕಿಂತ ದೊಡ್ಡ ಸುಳಿವಿಲ್ಲ. ಅವರು ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು, ಇಲ್ಲವೇ ಎದೆಬಡಿತ ಇಳಿಸುವ ಪ್ರೊಪ್ರಾನೊಲಾಲ್ ಮಾತ್ರೆ ಸೇರಿಸಬಹುದು. ಅಸ್ತಮಾ ಇದ್ದರೆ ಅದು ಆಗದು, ಕೇಳದಿದ್ದರೂ ಮೊದಲೇ ಹೇಳಬೇಕು.

ನನ್ನ ಸಲಹೆ: ‘ಕೂರಲಾಗದ ತಳಮಳ’. ಪಕ್ಕದಲ್ಲಿ ‘ಅಕಥೀಸಿಯಾ’ ಎಂದೂ ಇರಲಿ, ಚೀಟಿಯಲ್ಲಿ ಅದೇ ಇರುತ್ತದೆ.

ಉತ್ತರ 2

ಮೇಲಿನದ್ದಕ್ಕೆ ನನ್ನ ಒಪ್ಪಿಗೆ ಇದೆ. ತಕರಾರು ‘ಸೆಳೆತ’ದ ಬಗ್ಗೆ. ನಮ್ಮಲ್ಲಿ ಸೆಳೆತ ಅಂದರೆ ಫಿಟ್ಸ್ ಎಂದು ತಿಳಿಯುವವರು ಬಹಳ. ಡಿಸ್ಟೋನಿಯಾದಲ್ಲಿ ಎಚ್ಚರ ಪೂರ್ತಿ ಇರುತ್ತದೆ. ಕತ್ತು ಒಂದು ಕಡೆ ತಿರುಚಿಕೊಳ್ಳುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಇಂಜೆಕ್ಷನ್ ಕೊಟ್ಟ ಕೆಲವು ಗಂಟೆಗಳಲ್ಲಿ, ಅಥವಾ ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಹರೆಯದ ಗಂಡಸರಲ್ಲಿ ಹೆಚ್ಚು. ‘ಕತ್ತು ಹಿಡಿದುಕೊಳ್ಳುವುದು, ದವಡೆ ಹಿಡಿದುಕೊಳ್ಳುವುದು’ ಅಂತ ಅಂಗದ ಹೆಸರು ಸೇರಿಸಿಯೇ ಬರೆಯಿರಿ. ಬರೀ ‘ಹಿಡಿತ’ ಅಂದರೆ ಗಾಳಿ ಹಿಡಿದಿದೆ ಅಂತ ಮಂತ್ರ ಹಾಕಿಸಲು ಹೋದಾರು. ಕಣ್ಣು ಮೇಲೆ ಸಿಕ್ಕಿಕೊಂಡದ್ದನ್ನು ನೋಡಿದರೆ ಹಾಗನ್ನಿಸುವುದು ಆಶ್ಚರ್ಯವೂ ಅಲ್ಲ. ಆಸ್ಪತ್ರೆಯಲ್ಲಿ ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಗಂಟಲು ಹಿಡಿದುಕೊಂಡು ಉಸಿರಿಗೆ ತೊಂದರೆಯಾದರೆ ಒಂದು ನಿಮಿಷವೂ ಕಾಯುವ ಹಾಗಿಲ್ಲ.

‘ವಿಳಂಬಿತ ಅಪಚಲನೆ’ಯನ್ನು ದಯವಿಟ್ಟು ಕೈಬಿಡಿ. ಬಾಯಲ್ಲಿ ಏನೂ ಇಲ್ಲದಿದ್ದರೂ ಎಲೆ ಅಡಿಕೆ ಜಗಿಯುವ ಹಾಗೆ ದವಡೆ ಆಡುತ್ತಿರುತ್ತದೆ, ನಾಲಿಗೆ ಹೊರಗೆ ಬಂದು ಹೋಗುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಾತ್ರೆ ತೆಗೆದುಕೊಂಡ ಮೇಲೆ ಬರುವಂಥದ್ದು. ಎಷ್ಟೋ ಸಲ ಅವರಿಗೆ ಅದು ಗೊತ್ತೇ ಆಗಿರುವುದಿಲ್ಲ, ಎದುರು ಕೂತವರಿಗೆ ಕಾಣುತ್ತದೆ. ‘ತಡವಾಗಿ ಬರುವ ಬಾಯಿ-ನಾಲಿಗೆ ಆಟ’ ಅನ್ನಿ. ಕೈ ಬೆರಳಿಗೂ ಬರಬಹುದು ಅಂತ ಒಂದು ಸಾಲು ಸೇರಿಸಿ.

ಮೂರಕ್ಕೂ ಒಂದೇ ತಲೆಬರಹ ಬೇಡ ಅನ್ನುವುದಕ್ಕೆ ಬಲವಾದ ಕಾರಣ ಟ್ರೈಹೆಕ್ಸಿಫೆನಿಡಿಲ್, ಅಂದರೆ ಜನ ಹೇಳುವ ಪ್ಯಾಸಿಟೇನ್. ಕತ್ತು ಹಿಡಿದದ್ದಕ್ಕೆ, ಕೈ ನಡುಕಕ್ಕೆ, ಮೈ ಬಿಗಿತಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕೂರಲಾಗದ ತಳಮಳಕ್ಕೆ ಅಷ್ಟಾಗಿ ಇಲ್ಲ. ಬಾಯಿ-ನಾಲಿಗೆ ಆಟವನ್ನು ಹೆಚ್ಚಿಸಿಬಿಡಬಹುದು. ‘ನರದ ತೊಂದರೆಗೆ ಆ ಮಾತ್ರೆ’ ಅಂತ ಹಳೇ ಚೀಟಿ ತೋರಿಸಿ ಅಂಗಡಿಯಿಂದ ತರುವವರು ಮೋಸ ಹೋಗುವುದು ಇಲ್ಲೇ. ವಯಸ್ಸಾದವರಿಗೆ ಮರೆವು, ಮಲಬದ್ಧತೆ ಬೇರೆ. ಹಾಗಂತ ಬಾಯಿ ಆಡುವುದನ್ನು ಕಂಡು ಮೂಲ ಮಾತ್ರೆಯನ್ನು ಮನೆಯಲ್ಲೇ ಥಟ್ಟನೆ ನಿಲ್ಲಿಸಿದರೆ ಆಟ ಸ್ವಲ್ಪ ಕಾಲ ಹೆಚ್ಚಾಗಬಹುದು, ಕಾಯಿಲೆಯೂ ಮರಳಬಹುದು.

ಕರಡಿನಲ್ಲಿ ಬಿಟ್ಟುಹೋಗಿರುವುದು ಒಂದಿದೆ. ಜ್ವರ ಏರಿ, ಮೈ ಸೆಟೆದು, ಬೆವರು ಕಿತ್ತು, ಮಂಕು ಕವಿದರೆ ಅದು ನ್ಯೂರೊಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್ ಇರಬಹುದು. ಅಪರೂಪ, ಆದರೆ ಪ್ರಾಣಕ್ಕೆ ಬರುತ್ತದೆ. ಇದಕ್ಕೆ ಕನ್ನಡ ಹೆಸರು ಹುಡುಕುತ್ತಾ ಕೂರುವುದು ಬೇಡ. ‘ಜ್ವರ + ಸೆಟೆತ: ಮುಂದಿನ ಡೋಸ್ ಕೊಡಬೇಡಿ, ಕೂಡಲೇ ದೊಡ್ಡ ಆಸ್ಪತ್ರೆಗೆ’ ಎಂದು ದಪ್ಪಕ್ಷರದಲ್ಲಿ ಹಾಕಿ. ಇದೇ ಗುಂಪಿನ ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಬರೀ ಜ್ವರ, ಗಂಟಲು ನೋವು ಬಂದರೂ ಅಂದೇ ರಕ್ತಪರೀಕ್ಷೆ ಬೇಕು, ಬಿಳಿ ರಕ್ತಕಣ ಕುಸಿದಿರಬಹುದು. ಅದಕ್ಕೆ ಬೇರೆ ಸಾಲು.

ಉತ್ತರ 3

‘ಮನೋವಿಕಾರ ನಿರೋಧಕ’ ಬೇಡವೇ ಬೇಡ. ‘ವಿಕಾರ’ ಅನ್ನುವುದನ್ನು ತಮ್ಮ ಮಾತ್ರೆಯ ಮೇಲೆ ಓದಿದವರು ಹಾಳೆ ಮಡಚಿಡುತ್ತಾರೆ. ಜನ ‘ನಿದ್ದೆ ಮಾತ್ರೆ’ ಅನ್ನುತ್ತಾರೆ, ಅದೂ ಸರಿಯಲ್ಲ: ನಿದ್ದೆ ಬಂದ ದಿನ ಮಾತ್ರೆ ಬಿಡುತ್ತಾರೆ. ಅರಿಪಿಪ್ರಜೋಲ್‌ನಂಥದ್ದು ನಿದ್ದೆ ತರಿಸುವುದಕ್ಕಿಂತ ಕೂರಲಾಗದ ತಳಮಳ ತರುವುದೇ ಹೆಚ್ಚು. ‘ಸೈಕೋಸಿಸ್‌ಗೆ ಕೊಡುವ ಮಾತ್ರೆ’ ಎಂದು ಒಮ್ಮೆ ಹೇಳಿ, ಮುಂದೆ ‘ಈ ಮಾತ್ರೆ’ ಅಂದರೆ ಸಾಕು.

ಧಾರವಾಡದ ಕಡೆಗೂ ಹಾಳೆ ಹೋಗುವುದಾದರೆ ‘ಕೂರಲಾಗದ’ ಬದಲು ‘ಕುಳಿತುಕೊಳ್ಳಲಾಗದ’ ಎಂದಿಡಿ. ಅಲ್ಲಿ ‘ಕುಂದ್ರಾಕ ಆಗವಲ್ದು’ ಅನ್ನುವುದು ರೂಢಿ. ಮನೆಯವರು ಡಾಕ್ಟರಿಗೂ ಹಾಗೇ ಹೇಳಲಿ.