ಅಪ್‌ಡೇಟ್: ತಂಗಿಯ ಲ್ಯಾಬ್ ಡಿಪ್ಲೊಮಾ ಮತ್ತು 2021ರ ಕಾಯ್ದೆ

ಎರಡು ವರ್ಷದ ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ ಮುಗಿಸಿರುವ ನನ್ನ ತಂಗಿಗೆ, 2021ರ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಡಿ ನೋಂದಣಿಗೆ ಅವಕಾಶವಿದೆಯೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಪದವಿ ಇಲ್ಲದವರು ಹೊರಗುಳಿಯುತ್ತಾರೆ ಎಂಬ ಆತಂಕ ನಮ್ಮನ್ನು ಬಹಳ ಕಾಡಿತ್ತು. ಆದರೆ ಕಾಯ್ದೆಯ ವ್ಯಾಖ್ಯೆಯನ್ನೇ ಓದಿದಾಗ, ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಪಡೆದವರು ಸಹಾಯಕ ಆರೋಗ್ಯ ವೃತ್ತಿಪರರೆನಿಸುತ್ತಾರೆಂದೂ, 3,600 ಗಂಟೆಗಳ ಪದವಿಯ ಷರತ್ತು ಆರೋಗ್ಯ ರಕ್ಷಣಾ ವೃತ್ತಿಪರರೆಂಬ ಬೇರೆ ವರ್ಗಕ್ಕೆ ಸೇರಿದ್ದೆಂದೂ ಸ್ಪಷ್ಟವಾಯಿತು. ಅಂಕಪಟ್ಟಿಯಲ್ಲಿ ಗಂಟೆಗಳ ಉಲ್ಲೇಖವೇ ಇಲ್ಲದ ಕಾರಣ, ತರಗತಿ, ಪ್ರಾಯೋಗಿಕ ಹಾಗೂ ಆಸ್ಪತ್ರೆ ತರಬೇತಿಯ ಅವಧಿಯನ್ನು ಪ್ರತ್ಯೇಕವಾಗಿ ನಮೂದಿಸಿದ, ಮೊಹರು ಹಾಕಿದ ಪತ್ರವನ್ನು ಕಾಲೇಜಿನಿಂದ ಪಡೆದಿದ್ದಾಳೆ. ಇದೇ ಸ್ಥಿತಿಯಲ್ಲಿರುವವರು ಈ ಪತ್ರವನ್ನು ಈಗಲೇ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು. ಇಂಥ ವೃತ್ತಿಪರರ ಹೆಸರು ದಾಖಲಾಗುವ ರಾಜ್ಯ ರಿಜಿಸ್ಟರನ್ನು ನಿರ್ವಹಿಸುವುದು ಇದೇ ಕಾಯ್ದೆಯಡಿಯ ರಾಜ್ಯ ಪರಿಷತ್ತಾದ್ದರಿಂದ, ಅವಳ ಅರ್ಜಿ ಅಲ್ಲಿಗೇ ಹೋಗಲಿದೆ.