ಪೈಥಾನಿನಲ್ಲಿ ಪದ ಬಿಡಿಸುವಾಗ ‘ಕಾಸರಗೋಡು’ ಚೂರಾಗುವುದೇಕೆ?

ಪ್ರಶ್ನೆ (ಕುಂಬಳೆಯಿಂದ):
ಮಾನ್ಯರೇ, ನಮ್ಮೂರಿನ ವಾಚನಾಲಯದ ಪುಸ್ತಕಪಟ್ಟಿಯನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಪಠ್ಯದೊಳಗೆ ಮಾದರಿಗಳನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸಿ ಪದಗಳಾಗಿ ಬಿಡಿಸುತ್ತಿದ್ದೇನೆ. ಪದಕ್ಕೆ ಸೇರದ ಚಿಹ್ನೆ ಬಂದಲ್ಲಿ ಸೀಳುವ ಸಿದ್ಧ ಸಂಕೇತವನ್ನು (\W+) ಕೊಟ್ಟರೆ ‘ಕಾಸರಗೋಡು’ ಎಂಬುದು ‘ಕ’, ‘ಸರಗ’, ‘ಡ’ ಎಂದು ಒಡೆಯುತ್ತದೆ. ತಪ್ಪು ನನ್ನದೇ?

ಉತ್ತರ 1 (ಬದಿಯಡ್ಕದಿಂದ):
ತಪ್ಪು ನಿಮ್ಮದಲ್ಲ. ಪೈಥಾನಿನ ಮೂಲ ಮಾಡ್ಯೂಲ್ ಅಕ್ಷರ, ಅಂಕಿ ಮತ್ತು ಅಡಿಗೆರೆಗಳನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ. ಲಿಪಿಗಳ ಚಿಹ್ನೆಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ನಮ್ಮ ದೀರ್ಘ, ಕೊಂಬು, ಓತ್ವಗಳು ಅಕ್ಷರಗಳಲ್ಲದೆ ಸಂಯೋಗ ಚಿಹ್ನೆಗಳಾಗಿರುವುದರಿಂದ ಅಲ್ಲೆಲ್ಲ ಕತ್ತರಿ ಬೀಳುತ್ತದೆ. ಅದರ ಬದಲು [^ಂ-್೦-೯]+ ಎಂದು (ಅಂದರೆ, ಈ ಕನ್ನಡ ಚಿಹ್ನೆ, ಅಂಕಿಗಳಲ್ಲದ್ದು ಬಂದಲ್ಲಿ) ಬರೆದು ಸೀಳಿರಿ. ಕೊನೆಯಲ್ಲಿ ಖಾಲಿ ತುಂಡು ಉಳಿದರೆ ಸೋಸಿಬಿಡಿ.

ಉತ್ತರ 2 (ಮಂಜೇಶ್ವರದಿಂದ):
ಮೇಲಿನ ಪರಿಹಾರ ಸರಿಯೇ, ಆದರೆ ನಮ್ಮ ಕಡೆಯ ಪಟ್ಟಿಗಳಲ್ಲಿ ಮಲಯಾಳವೂ ಬೆರೆತಿರುತ್ತದೆಯಲ್ಲ, ಅದೆಲ್ಲವೂ ವಿಭಾಜಕವೆನಿಸಿ ಮಾಯವಾದೀತು. ಯೂನಿಕೋಡಿನಲ್ಲಿ ಕನ್ನಡದ 128 ಸ್ಥಾನಗಳ ಬೆನ್ನಿಗೇ ಮಲಯಾಳದ 128 ಸ್ಥಾನಗಳಿರುವುದರಿಂದ (ಇಲ್ಲಿಯೂ ನೆರೆಹೊರೆ!) ವ್ಯಾಪ್ತಿಯನ್ನು ಅಲ್ಲಿಯವರೆಗೆ ಹಿಗ್ಗಿಸಿದರೆ ಸಾಕು. ‘ಬ್ಯಾಂಕ್‌ಗೆ’ ಎಂಬಲ್ಲಿರುವ ಕಾಣದ ಅಕ್ಷರತಡೆ ಚಿಹ್ನೆ (ZWNJ, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವುದು) ಈ ವ್ಯಾಪ್ತಿಯ ಹೊರಗಿದೆ. ಅದನ್ನು ಖಾಲಿಯಿಂದ ಬದಲಾಯಿಸಿದರೆ ‘ಬ್ಯಾಂಕ್ಗೆ’ ಎಂದು ಒತ್ತಕ್ಷರವಾಗುವುದರಿಂದ, ಅಳಿಸದೆ ಚೌಕಾವರಣದೊಳಗೇ ಸೇರಿಸಿಕೊಳ್ಳಿರಿ.

ಪ್ರಶ್ನಿಸಿದವರು:
‘ಕಾಸರಗೋಡು’ ಈಗ ಇಡಿಯಾಗಿ ಬಂದಿದೆ. ಇಬ್ಬರಿಗೂ ವಂದನೆಗಳು.