ಪೊರೆ ಶಸ್ತ್ರಚಿಕಿತ್ಸೆಗೆ ಮುನ್ನ ವಿಆರ್ ಕನ್ನಡಕ: ಹಾಕಿಸಿದವರು ಹೇಳಿ

ಪ್ರಶ್ನೆ: ಅಮ್ಮನಿಗೆ ಎಪ್ಪತ್ತು ದಾಟಿದೆ. ಹೆದರಿಕೆಗೆ ರಕ್ತದೊತ್ತಡ ಏರಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಒಮ್ಮೆ ಮುಂದಕ್ಕೆ ಹೋಗಿದೆ. ಈ ಸಲ ಮೊದಲು ವಿಆರ್ ಕನ್ನಡಕದಲ್ಲಿ (ಸುತ್ತಲೂ ಚಿತ್ರವೇ ಕಾಣುವಂತೆ ಕಣ್ಣಿಗೆ ಕಟ್ಟುವ ಸಾಧನ) ಹಿತವಾದ ದೃಶ್ಯ ತೋರಿಸುತ್ತಾರಂತೆ. ಉಪಯೋಗವಿದೆಯೇ?

ಹುಬ್ಬಳ್ಳಿಯ ಸೊಸೆ: ನಮ್ಮ ಮಾವನವರಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ತೋರಿಸಿದರು. ಮೊದಲೇ ಪೊರೆ, ಅದರ ಮೇಲೆ ಹನಿ, ಏನು ಕಂಡೀತು? ಸಿಟ್ಟಾಗಿ ತೆಗೆದಿಟ್ಟರು. ತೋರಿಸುವುದಾದರೆ ಹನಿಗೆ ಮೊದಲೇ ತೋರಿಸಲು ಹೇಳಿ.

ಕಣ್ಣಿನ ವಿಭಾಗದ ಶುಶ್ರೂಷಕಿ: ಮೇಲಿನ ಮಾತು ಸರಿ. ಇನ್ನೊಂದು, ಜಲಪಾತ, ಸಮುದ್ರ ತೋರಿಸಿದರೆ ಕಾಯುವ ಹೊತ್ತು ಕಳೆಯುತ್ತದೆ, ಅಷ್ಟೇ. ಹೆಚ್ಚಿನವರು ಬೆಚ್ಚುವುದು ಒಳಗೆ ಹೋದ ಮೇಲೆ: ಮುಖದ ಮೇಲೆ ಹೊದಿಸುವ ಬಟ್ಟೆ, ರೆಪ್ಪೆ ಮುಚ್ಚದಂತೆ ಹಿಡಿಯುವ ಕ್ಲಿಪ್, ಮೈಕ್ರೋಸ್ಕೋಪಿನ ಬೆಳಕು, ಪೊರೆಯನ್ನು ಪುಡಿಮಾಡಿ ಹೀರುವ ಫೇಕೋ ಯಂತ್ರದ ಏರಿಳಿಯುವ ಸದ್ದು. ಮರಗಟ್ಟಿಸುವ ಹನಿ ಮಾತ್ರ ಹಾಕಿದಾಗ ರೋಗಿ ಎಚ್ಚರವಾಗಿರುತ್ತಾರೆ, ಬಣ್ಣಗಳೂ ನೆರಳುಗಳೂ ಕಾಣುತ್ತವೆ. ಇದನ್ನೆಲ್ಲ ತಪಾಸಣೆಯ ದಿನವೇ ತೋರಿಸಿ ಕೇಳಿಸುವ ವಿಆರ್ ಇದ್ದರೆ ನಾನು ಅದನ್ನೇ ಆರಿಸುತ್ತೇನೆ. ವಿವರಣೆ ಕನ್ನಡದಲ್ಲಿದೆಯೇ ಎಂದು ವಿಚಾರಿಸಿ. ಇಂಗ್ಲಿಷಿನ ಮೃದು ದನಿಯಿಂದ ನಿಮ್ಮ ಅಮ್ಮನಿಗೆ ಏನೂ ಉಪಯೋಗವಾಗದು. ತಲೆಸುತ್ತು, ಮೂರ್ಛೆರೋಗ ಇರುವವರಿಗೆ ಬೇಡ. ಮುಖಕ್ಕೆ ತಾಗುವ ಭಾಗಕ್ಕೆ ಪ್ರತಿಯೊಬ್ಬರಿಗೂ ಹೊಸ ಹೊದಿಕೆ ಹಾಕಬೇಕು. ಅಯೋಡಿನ್ ದ್ರಾವಣದಿಂದ ಕಣ್ಣಿನ ಸುತ್ತ ಶುಚಿ ಮಾಡಿದ ಮೇಲೆ ಕನ್ನಡಕದ ಮಾತೇ ಇಲ್ಲ. ರಕ್ತದೊತ್ತಡದ ಮಾತ್ರೆಗೂ ಇದು ಬದಲಿಯಲ್ಲ. ಆ ಬೆಳಿಗ್ಗೆ ಮಾತ್ರೆ ನುಂಗಬೇಕೇ ಎಂದು ವೈದ್ಯರನ್ನೇ ಕೇಳಿ.

ಬಾಗಲಕೋಟೆಯ ನಿವೃತ್ತ ಶಿಕ್ಷಕ: ಅಮ್ಮ ಯಾವುದಕ್ಕೆ ಹೆದರಿದ್ದಾರೆ ಎಂದು ಕೇಳಿದ್ದೀರಾ? ನಮ್ಮ ಕಡೆ ಕಣ್ಣಿನ ವೈದ್ಯ ಡಾ. ಎಂ. ಸಿ. ಮೋದಿಯವರ ಶಸ್ತ್ರಚಿಕಿತ್ಸೆ ಶಿಬಿರಗಳನ್ನು ಕಂಡ ತಲೆಮಾರಿಗೆ ಪೊರೆ ತೆಗೆಸುವುದೆಂದರೆ ಕಣ್ಣಿಗೆ ಪಟ್ಟಿ, ಅಲುಗಾಡದೆ ಮಲಗುವುದು, ಆಮೇಲೆ ಸೋಡಾಬುಡ್ಡಿ ಕನ್ನಡಕ. ಲಕ್ಷಾಂತರ ಜನರಿಗೆ ಬೆಳಕು ಕೊಟ್ಟ ಪದ್ಧತಿಯೇ ಅದು, ಆದರೆ ಈಗ ಸೀಳು ಕೆಲವೇ ಮಿಲಿಮೀಟರ್, ಮಸೂರ ಒಳಗೇ ಕೂರುತ್ತದೆ, ಅಂದೇ ಮನೆಗೆ ಬರಬಹುದು. ನನ್ನ ಹೆಂಡತಿಗೆ ಇದನ್ನು ಬಿಡಿಸಿ ಹೇಳಿದ್ದು ಪಕ್ಕದ ಮನೆಯಾಕೆ. ಯಾವ ಯಂತ್ರವೂ ಬೇಕಾಗಲಿಲ್ಲ.

ಶುಶ್ರೂಷಕಿ, ಮತ್ತೆ: ಒಪ್ಪಿದೆ, ಅಂಥ ನೆರೆಯವರು ಸಿಕ್ಕರೆ ವಿಆರ್ ಬಿಡಿ. ಕೆಮ್ಮು ಬಂದರೆ ತಲೆ ಎತ್ತದೆ, ಮೊದಲೇ ಬಾಯಲ್ಲಿ ಹೇಳಬೇಕು ಎಂಬುದನ್ನು ಮಾತ್ರ ಅಮ್ಮನಿಗೆ ಈಗಲೇ ಅಭ್ಯಾಸ ಮಾಡಿಸಿ.